ಬಂಬೋ, ಗ್ಯಾಸ್ ಗೀಸರೋ? ಮೊದಲು ಕಿಟಕಿ ನೋಡ್ರಿ

ಇಯರ್‌ಫೋನ್ ಹಾಕ್ಕೊಂಡು ಚಿಗರಿ ಬಸ್ಸಿನಾಗ ಕೂತವರಿಗೂ ನಮಸ್ಕಾರ, ಕೋಚಿಂಗ್ ಮುಗಿಸಿ ಸಪ್ತಾಪುರದ ರೂಮಿಗೆ ಹೊಂಟವರಿಗೂ ನಮಸ್ಕಾರ. ರೂಮಿಗೆ ಹೊಂಟವರು ಇವತ್ತು ಸ್ವಲ್ಪ ಹೆಚ್ಚಿಗೆ ಲಕ್ಷ್ಯ ಕೊಟ್ಟು ಕೇಳ್ರಿ. ಯಾಕಂತ ಮುಂದ ಗೊತ್ತಾಗ್ತೈತಿ.

ಈ ಸಲದ ವಿಷಯ ಬಂದದ್ದು ಒಂದು ವಾಯ್ಸ್ ನೋಟ್‌ನಿಂದ. ಕಳಿಸಿದವರು ನವನಗರದವರು. ಮನಿ ರಿಪೇರಿ ನಡದೈತಿ, ಬಚ್ಚಲಕ್ಕ ಹೊಸ ಟೈಲ್ಸ್ ಹಾಕ್ಸಾಕತ್ತಾರ. ಹಿತ್ತಲದಾಗ ಅಜ್ಜಿ ಕಾಲದ ತಾಮ್ರದ ಬಂಬ ಐತಿ. ಅಪ್ಪ ಹೇಳ್ತಾರಂತ, ‘ಅದನ್ನ ತೂಕಕ್ಕ ಹಾಕಿಬಿಡೋಣ, ಬಚ್ಚಲದಾಗ ಗ್ಯಾಸ್ ಗೀಸರ್ ಕೂಡ್ರಸೋಣ.’ ಅಜ್ಜಿ ಹೇಳ್ತಾಳಂತ, ‘ಕಟಗಿ ನೀರು ಮೈಮ್ಯಾಲೆ ಬೀಳಲಿಲ್ಲಂದ್ರ ನನಗ ಸ್ನಾನ ಮಾಡಿದಂಗ ಆಗೂದಿಲ್ಲ.’ ನಡುವ ಸಿಕ್ಕೊಂಡ ಮೊಮ್ಮಗ ನನ್ನ ಕೇಳ್ಯಾನ: ‘ಅಣ್ಣಾ, ಕಟಗಿ ಚಲೋನೋ ಗ್ಯಾಸ್ ಚಲೋನೋ, ಒಂದು ಎಪಿಸೋಡ್ ಮಾಡ್ರಿ.’

ಬಂಬ ನೋಡದವರಿಗೆ ಎರಡು ಮಾತು. ಬಂಬ ಅಂದ್ರ ತಾಮ್ರದ ಇಲ್ಲಾ ಹಿತ್ತಾಳಿಯ ಎತ್ತರದ ಡ್ರಮ್ಮು. ನಡುವ ಒಂದು ಕೊಳವಿ ಕೆಳಗಿಂದ ಮ್ಯಾಲಿನತನಕ ಹೋಗಿರ್ತೈತಿ. ಕೆಳಗ ಕಟಗಿ ಚೂರು, ತೆಂಗಿನ ಸಿಪ್ಪಿ ಹಾಕಿ ಹೊತ್ತಿಸಿದ್ರ ಉರಿ ಮತ್ತ ಹೊಗಿ ಎರಡೂ ಆ ಕೊಳವಿಯೊಳಗ ಏರಿ ಹೋಗ್ತಾವ, ಸುತ್ತಲಿನ ನೀರು ಕಾಯ್ತೈತಿ. ಒಂದು ನಳ ಇರ್ತೈತಿ, ತಿರುವಿದ್ರ ಬಿಸಿನೀರು. ಮರಾಠಿ ನೆರಳು ಬಿದ್ದ ಊರುಗಳೊಳಗ ಇದು ಹೆಚ್ಚು. ಹಂಡೆ ಇದರ ಅಕ್ಕ. ಕಲ್ಲಿನ ಒಲಿ ಮ್ಯಾಲೆ ಕೂತು, ವರ್ಷಕ್ಕೊಮ್ಮೆ ದೀಪಾವಳಿಯ ನೀರು ತುಂಬೋ ಹಬ್ಬದ ದಿನ ತಿಕ್ಕಿಸಿಕೊಂಡು, ಸುಣ್ಣ ಕೆಮ್ಮಣ್ಣು ಬಳಿಸಿಕೊಂಡು, ಕೊರಳಿಗೆ ಹೂವಿನ ಸರ ಹಾಕಿಸಿಕೊಳ್ಳೋದು.

ಇಂಗ್ಲೆಂಡ್, ಅಮೆರಿಕದಾಗ ಇದೇ ಜಗಳ ಇನ್ನೊಂದು ರೂಪದಾಗ ನಡೀತೈತಿ. ಅಲ್ಲಿ ಹಳೇ ಮನಿಗಳ ಗೋಡೆಯೊಳಗ ಬೆಂಕಿಗೂಡು ಇರ್ತೈತಿ. ಅದರೊಳಗ ಕಟಗಿ ಉರಿಯೋ ಉಕ್ಕಿನ ಪೆಟಗಿ ಕೂಡ್ರಸೂದೋ, ಗ್ಯಾಸ್ ಪೆಟಗಿ ಕೂಡ್ರಸೂದೋ ಅಂತ ಜನ ತಿಂಗಳುಗಟ್ಟಲೆ ತಲಿ ಕೆಡಿಸ್ಕೋತಾರ. ಅವರಿಗೆ ಕೋಣೆ ಕಾಯಬೇಕು. ನಮ್ಮ ಧಾರವಾಡದ ಚಳಿ ಅಷ್ಟು ಸಿಟ್ಟಿನದಲ್ಲ. ಒಂದು ಕೌದಿ ಹೊತಗೊಂಡ್ರ ರಾತ್ರಿ ಕಳೀತೈತಿ. ನಮಗ ಬೆಂಕಿ ಬೇಕಾಗೂದು ಮುಂಜಾನೆ ಆರಕ್ಕ, ಒಂದು ಬಕೆಟ್ ನೀರಿಗೆ.

ನಾನು ಓದಿದ್ದು ಬಿ.ಕಾಂ. ಹಿಂಗಾಗಿ ತಲಿ ಮೊದಲು ರೊಕ್ಕದ ಕಡೆ ಓಡ್ತು. ಹಾಕಿದ ಲೆಕ್ಕ ಹೇಳ್ತೀನಿ, ರೇಟು ನಿಮ್ಮ ನಿಮ್ಮ ಮನಿಯದು ಹಾಕ್ಕೊಳ್ರಿ.

ಬಕೆಟ್ ಅಂದ್ರ 20 ಲೀಟರ್. 22 ಡಿಗ್ರಿ ಇದ್ದ ನೀರನ್ನ 42 ಡಿಗ್ರಿಗೆ ಒಯ್ಯಬೇಕು. ಅದಕ್ಕ ಬೇಕಾದ ಶಾಖ, ಕರೆಂಟಿನ ಭಾಷೆಯೊಳಗ ಹೇಳಿದ್ರ, ಅರ್ಧ ಯೂನಿಟ್‌ಗಿಂತ ಒಂದು ಚೂರು ಕಡಿಮೆ. ಕಟಗಿ ಇರಲಿ ಗ್ಯಾಸ್ ಇರಲಿ, ಇಷ್ಟು ಶಾಖ ನೀರೊಳಗ ಇಳೀಲೇಬೇಕು. ಅದು ಎಲ್ಲಿಂದ ಬಂತು ಅನ್ನೂದು ನೀರಿಗೆ ಗೊತ್ತಾಗೂದಿಲ್ಲ. (ಈ ಮಾತು ಅಜ್ಜಿ ಒಪ್ಪಂಗಿಲ್ಲ, ಬಿಡ್ರಿ.)

ಗ್ಯಾಸ್ ಗೀಸರ್‌ನಾಗ ಐದರಲ್ಲಿ ಒಂದು ಪಾಲು ಶಾಖ ವ್ಯರ್ಥ ಹೋಗ್ತೈತಿ ಅಂತ ಹಿಡಿದ್ರೂ ಬಕೆಟ್‌ಗೆ 45ರಿಂದ 50 ಗ್ರಾಂ ಎಲ್‌ಪಿಜಿ ಸಾಕು. ಮನ್ಯಾಗ ಐದು ಮಂದಿ, ತಲಾ ಒಂದು ಬಕೆಟ್ ಅಂದ್ರ ದಿನಕ್ಕ 250 ಗ್ರಾಂ. 14.2 ಕಿಲೋ ಸಿಲಿಂಡರ್ 57 ದಿನ ಬಂತು. ಸಿಲಿಂಡರ್‌ಗೆ 900 ರೂಪಾಯಿ ಹಿಡಿದ್ರ ತಿಂಗಳಿಗೆ 475ರ ಹತ್ತಿರ. ಎರಡೆರಡು ಬಕೆಟ್ ಸುರಕೊಳ್ಳೋ ಮನಿ ಆದ್ರ ದುಪ್ಪಟ್ಟು ಮಾಡ್ರಿ.

ಕರೆಂಟ್ ಗೀಸರ್ ಆದ್ರ ಅದೇ ಐದು ಬಕೆಟ್‌ಗೆ ತಿಂಗಳಿಗೆ 75ರಿಂದ 80 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಅಂದ್ರ 450ರಿಂದ 480. ಆದ್ರ ಇಲ್ಲೊಂದು ಗಂಟೈತಿ. 2023ರ ಜುಲೈನಿಂದ ಶುರುವಾದ ಗೃಹಜ್ಯೋತಿಯೊಳಗ ನಿಮ್ಮ ಉಚಿತ ಯೂನಿಟ್ ನಿಮ್ಮ ಹಳೇ ಸರಾಸರಿ ಬಳಕೆ ಮತ್ತ ಅದರ ಮ್ಯಾಲೆ ಒಂದಿಷ್ಟು, ಅಷ್ಟ. ಎಲ್ಲಾ ಕೂಡಿ 200 ದಾಟಿದ್ರ ಪೂರ್ತಿ ಬಿಲ್ ಕಟ್ಟಬೇಕು. ಮನ್ಯಾಗ ಮೊದಲಿಂದ್ಲೂ ಕರೆಂಟ್ ಗೀಸರ್ ಇದ್ದವರ ಸರಾಸರಿಯೊಳಗ ಅದು ಸೇರಿಕೊಂಡೈತಿ. ಬಂಬ ಬಿಟ್ಟು ಈಗ ಹೊಸದಾಗಿ ಗೀಸರ್ ಹಚ್ಚೋರಿಗೆ ಆ 80 ಯೂನಿಟ್ ಮ್ಯಾಲಿಂದ ಬೀಳ್ತೈತಿ. ಹೆಸ್ಕಾಂ ಬಿಲ್ ತೆಗೆದು ನೋಡ್ಕೊಂಡು ಮುಂದುವರೀರಿ.

ಇನ್ನ ಕಟಗಿ. ಒಣಗಿದ ಕಟಗಿ ಕಿಲೋದಾಗ ಸುಮಾರು 4 ಯೂನಿಟ್‌ನಷ್ಟು ಶಾಖ ಇರ್ತೈತಿ. ಕಲ್ಲೊಲಿ ಮ್ಯಾಲಿನ ಹಂಡೆಗೆ ಅದರಾಗ ಆರೇಳರಲ್ಲಿ ಒಂದು ಪಾಲು ಸಿಕ್ರ ಪುಣ್ಯ, ಉಳಿದದ್ದು ಹಿತ್ತಲದ ಗಾಳಿಗೆ. ಬಂಬದ ಉರಿ ನೀರಿನ ನಡುವನ ಹೋಗೂದ್ರಿಂದ ಮೂರರಲ್ಲಿ ಒಂದು ಪಾಲು ಅಂತ ಹಿಡಿಯೋಣ. ತಿಂಗಳಿಗೆ 50-55 ಕಿಲೋ ಬೇಕು. ಕಟಗಿ ಅಡ್ಡೆಯೊಳಗ ಕಿಲೋಕ್ಕ 8 ರೂಪಾಯಿಯಂಗ ತಂದ್ರ 400 ಮೀರಿತು. ಅಂದ್ರ ಮೂರೂ ಹೆಚ್ಚುಕಡಿಮಿ ಒಂದೇ ಕಡೆ ಬಂದು ನಿಂತವು! ಐವತ್ತು ಅರವತ್ತು ರೂಪಾಯಿ ಆಕಡೆ ಈಕಡೆ. ನವಲಗುಂದ, ಕುಂದಗೋಳ ಕಡೆ ಹೊಲ ಇದ್ದು ಹತ್ತಿ ಕಟಗಿ ಪುಕ್ಕಟೆ ಬರೋ ಮನಿ ಆದ್ರ ಮಾತು ಬ್ಯಾರೆ. ಸಿಟಿಯೊಳಗ ಕೊಂಡು ತರೋರಿಗೆ ರೊಕ್ಕದ ಮ್ಯಾಲೆ ಈ ಜಗಳ ಬಗೆಹರಿಯಂಗಿಲ್ಲ.

ಹಂಗಾರ ಯಾವುದರ ಮ್ಯಾಲೆ ಬಗೆಹರೀಬೇಕು? ನನ್ನ ಉತ್ತರ: ಉರಿದ ಗಾಳಿ ಎಲ್ಲಿಗೆ ಹೋಗ್ತೈತಿ ಅನ್ನೂದರ ಮ್ಯಾಲೆ. ಯಾವುದೇ ಬೆಂಕಿಗೂ ಎರಡು ದಾರಿ ಬೇಕು. ಒಂದು ಹೊಸ ಗಾಳಿ ಒಳಗ ಬರಾಕ, ಇನ್ನೊಂದು ಉರಿದ ಗಾಳಿ ಹೊರಗ ಹೋಗಾಕ. ಕಟಗಿಯೋ ಗ್ಯಾಸೋ ಅನ್ನೂದು ಆಮ್ಯಾಲಿನ ಪ್ರಶ್ನೆ.

ಇದನ್ನೂ ಲೆಕ್ಕದಾಗ ಹೇಳ್ತೀನಿ, ಯಾಕಂದ್ರ ಈ ಲೆಕ್ಕ ಹಾಕಿದ ಮ್ಯಾಲೆ ನನಗ ನಿದ್ದಿ ಸರಿ ಹತ್ತಲಿಲ್ಲ. ನಮ್ಮ ಕಡೆ ಮಾರಾಟ ಆಗೋ ಸಾಮಾನ್ಯ ಗ್ಯಾಸ್ ಗೀಸರ್ ನಿಮಿಷಕ್ಕ 6 ಲೀಟರ್ ಬಿಸಿನೀರು ಕೊಡೂದು. ಪೂರ್ತಿ ಉರಿದಾಗ ಅದು ಹತ್ತು ನಿಮಿಷಕ್ಕ ಹತ್ತಿರ ಹತ್ತಿರ 2 ಘನ ಮೀಟರ್ ಗಾಳಿಯಲ್ಲಿನ ಆಮ್ಲಜನಕ ತಿಂತೈತಿ. ಈಗ ಬಾಡಗಿ ಮನಿಯ ಬಚ್ಚಲ ನೆನೆಸ್ಕೊಳ್ರಿ. ನಾಲ್ಕು ಫೂಟು ಅಗಲ, ಆರು ಫೂಟು ಉದ್ದ, ಎಂಟು ಫೂಟು ಎತ್ತರ. ಎಲ್ಲಾ ಕೂಡಿ ಸುಮಾರು ಐದೂವರೆ ಘನ ಮೀಟರ್ ಗಾಳಿ. ಕಿಟಕಿ ಮುಚ್ಚಿತ್ತು, ಚಳಿ ಅಂತ ಬಾಗಿಲ ಕೆಳಗ ಪಂಜೆ ತುರುಕಿತ್ತು ಅಂತ ಅನ್ಕೊಳ್ರಿ. ಹತ್ತು ನಿಮಿಷದ ಒಂದು ಸ್ನಾನಕ್ಕ ಆ ಕೋಣೆಯ ಆಮ್ಲಜನಕದಾಗ ಮೂರರಲ್ಲಿ ಒಂದು ಪಾಲು ಹೋತು. ಅದೇ ಬಚ್ಚಲಕ್ಕ ಕೂಡ್ಲೆ ಎರಡನೇದವರು ಹೊಕ್ಕರ ಅವರು ಆ ಕಡಿಮಿ ಗಾಳಿಯಿಂದನ ಶುರು ಮಾಡ್ತಾರ.

ಆಮ್ಲಜನಕ ಕಡಿಮೆಯಾದಂತೆ ಗ್ಯಾಸ್ ಪೂರ್ತಿ ಉರಿಯುವುದಿಲ್ಲ. ಅರೆಬರೆ ಉರಿದ ಗ್ಯಾಸ್‌ನಿಂದ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆ ಇಲ್ಲ, ಕಣ್ಣಿಗೆ ಉರಿಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಬಸ್ಸಿನ ಸೀಟಿಗೆ ಟವೆಲ್ ಹಾಕಿ ಹಿಡಿದಂಗ. ಆಮ್ಲಜನಕ ಬಂದ್ರೂ ಕೂಡ್ರಾಕ ಜಾಗ ಇಲ್ಲ.

ಇಲ್ಲೇ ಭಾಳ ಮಂದಿ ಮೋಸ ಹೋಗೂದು. ‘ಗ್ಯಾಸ್ ವಾಸನಿ ಬಂದ್ರ ಗೊತ್ತಾಗ್ತೈತಿ ಬಿಡು’ ಅಂತಾರ. ಸಿಲಿಂಡರ್ ಲೀಕ್ ಆದಾಗ ಬರೋ ಆ ಕೆಟ್ಟ ವಾಸನಿ ಎಲ್‌ಪಿಜಿಯದು, ಗೊತ್ತಾಗಲಿ ಅಂತನ ಬೆರೆಸಿರ್ತಾರ. ಉರಿದ ಮ್ಯಾಲೆ ಹುಟ್ಟೋ ವಿಷಕ್ಕ ಆ ವಾಸನಿ ಇರೂದಿಲ್ಲ. ಲೀಕ್ ಒಂದು ಅಪಾಯ, ಇದು ಇನ್ನೊಂದು. ಗೀಸರ್ ಹೊಸದಿದ್ದು, ಪೈಪ್ ಬಿಗಿಯಾಗಿದ್ದು, ಎಲ್ಲಿಯೂ ಲೀಕ್ ಇಲ್ಲದಾಗನೂ ಇದು ಆಗಬಹುದು. ಎಲ್‌ಪಿಜಿಯ ಸಣ್ಣ ಗೀಸರ್‌ಗೆ ಐಎಸ್ 15558 ಅನ್ನೋ ಮಾನದಂಡ ಐತಿ, ಐಎಸ್‌ಐ ಗುರ್ತು ನೋಡಿ ತಗೋಬೇಕು, ಖರೆ. ಆದ್ರ ಆ ಗುರ್ತು ಮಷಿನ್ ಬಗ್ಗೆ ಹೇಳ್ತೈತಿ, ನಿಮ್ಮ ಬಚ್ಚಲದ ಕಿಟಕಿ ಬಗ್ಗೆ ಏನೂ ಹೇಳೂದಿಲ್ಲ.

2025ರ ಅಕ್ಟೋಬರ್‌ನಲ್ಲಿ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣದಲ್ಲಿ ಒಂದೇ ಮನೆಯ ಅಕ್ಕ-ತಂಗಿ ಬಚ್ಚಲಿನಲ್ಲಿ ತೀರಿಹೋದರು. ಗ್ಯಾಸ್ ಗೀಸರ್‌ನ ವಿಷಾನಿಲ ಕಾರಣ ಎಂದು ವರದಿಯಾಯಿತು. ಇಂಥ ಸುದ್ದಿ ಪ್ರತಿ ಚಳಿಗಾಲಕ್ಕೂ ಎಲ್ಲಿಂದಾದರೂ ಒಂದು ಬರ್ತೈತಿ. ನಾವು ಓದಿ, ‘ಅಯ್ಯೋ’ ಅಂದು, ಮುಂದಿನ ರೀಲಿಗೆ ಹೋಗ್ತೀವಿ.

ಈಗ ಅಜ್ಜಿ ಪಾರ್ಟಿಯವರು ಖುಷಿ ಆಗಿರಬೇಕು. ‘ನೋಡಿದ್ಯಾ, ಕಟಗೀನ ಚಲೋ!’ ತಡೀರಿ, ನಿಮ್ಮ ಕಡೆನೂ ಬರ್ತೀನಿ.

ಕಟಗಿಯ ಹೊಗಿಯೊಳಗೂ ಅದೇ ಕಾರ್ಬನ್ ಮಾನಾಕ್ಸೈಡ್ ಇರ್ತೈತಿ, ಇನ್ನೂ ಹೆಚ್ಚೇ ಇರ್ತೈತಿ. ಆದ್ರ ಹೊಗಿ ನಮ್ಮನ್ನ ಕೂಡ್ರಗೊಡೂದಿಲ್ಲ. ಕಣ್ಣಾಗ ನೀರು ಬರಸ್ತೈತಿ, ಕೆಮ್ಮಸ್ತೈತಿ, ಬಾಗಿಲು ತೆಗಸ್ತೈತಿ. ಮತ್ತ ಹಳೇ ಬಚ್ಚಲ ಮನಿ ಕಟ್ಟಿದ್ದ ಹಂಗ. ಒಲಿ ಬಾಯಿ ಹೊರಗ ಹಿತ್ತಲಕ್ಕ, ಹಂಡೆ ಮಾತ್ರ ಒಳಗ. ಗೋಡಿಗೂ ಹಂಚಿಗೂ ನಡುವ ಕೈ ತೂರುವಷ್ಟು ಸಂದಿ. ಬಾಗಿಲಂದ್ರ ಒಂದು ತಟ್ಟಿ, ಇಲ್ಲಾ ತಗಡು. ನಮ್ಮ ಹಿರಿಯರಿಗೆ ಕಾರ್ಬನ್ ಮಾನಾಕ್ಸೈಡ್ ಅಂತ ಹೆಸರು ಗೊತ್ತಿರಲಿಕ್ಕಿಲ್ಲ, ಹೊಗಿ ಮಾತ್ರ ಚೊಲೋತಂಗ ಗೊತ್ತಿತ್ತು. ಆ ಬಚ್ಚಲಕ್ಕ ಟೈಲ್ಸ್ ಹಚ್ಚಿ, ಸ್ಲ್ಯಾಬ್ ಹಾಕಿ, ಅಲ್ಯೂಮಿನಿಯಂ ಕಿಟಕಿ ಕೂಡ್ರಿಸಿ, ರಬ್ಬರ್ ಬೀಡಿಂಗ್ ಕೊಟ್ಟು ಬಿಗಿ ಮಾಡಿದವರು ನಾವು. ಬಿಗಿ ಮಾಡಿದ ಆ ಡಬ್ಬಿಯೊಳಗ ಬೆಂಕಿ ತಂದು ಇಟ್ಟವರೂ ನಾವ.

ಹಂಗಂತ ಹೊಗಿ ಇಲ್ಲದ ಕಟಗಿಬೆಂಕಿ ಬಂದ್ರ? ಅದೇ ಕೆಂಡ, ಅದೇ ಇದ್ದಿಲು. 2025ರ ನವೆಂಬರ್‌ನಲ್ಲಿ ಬೆಳಗಾವಿಯ ಅಮನ್ ನಗರದಲ್ಲಿ ಚಳಿಗೆ ಅಂತ ಕೋಣೆಯೊಳಗ ಇದ್ದಿಲು ಹೊತ್ತಿಸಿ ಬಾಗಿಲು ಹಾಕ್ಕೊಂಡು ಮಲಗಿದ ಮೂವರು ಯುವಕರು ಮತ್ತೆ ಏಳಲಿಲ್ಲ. ಬೆಳಗಾವಿ ನಮಗ ದೂರ ಅಲ್ಲ, ಎರಡು ತಾಸಿನ ದಾರಿ. ಕೇಳಾಕತ್ತ ನಿಮ್ಮಷ್ಟೇ ವಯಸ್ಸಿನ ಹುಡುಗರು. ಇದ್ದಿಲು ಹೊಗಿ ಕೊಡೂದಿಲ್ಲ ಅಂತನ ಜನ ಅದನ್ನ ಒಳಗ ತರ್ತಾರ. ಹೊಗಿ ಇಲ್ಲ ಅನ್ನೂದ ಅದರ ಕೇಡು. ಗ್ಯಾಸ್ ಗೀಸರ್‌ಗೂ ಇದ್ದಿಲ ಶೇಗಡಿಗೂ ಈ ಒಂದು ವಿಷಯದಾಗ ಏನೂ ಫರಕಿಲ್ಲ. ಎರಡೂ ಸುಮ್ಮನ ಉರೀತಾವ.

ಇಲ್ಲಿ ಒಂದು ಮಾತು ಹೇಳಲೇಬೇಕು, ನಮ್ಮ ಅಕ್ಕಂದಿರು, ಅತ್ತಿಗೇರು ಕೇಳ್ತಿದ್ರ ಅವರಿಗೆ. ನಮ್ಮ ಕಡೆ ಕೋಣೆ ಕಾಸೋ ಪದ್ಧತಿ ಇಲ್ಲ ಅಂದೆನಲ್ಲ, ಒಂದು ಕಡೆ ಐತಿ: ಬಾಣಂತಿ ಕೋಣೆ. ಕಿಟಕಿಗೆ ಕಂಬಳಿ, ಬಾಗಿಲಿಗೆ ಪರದೆ, ಹೊರಸಿನ ಕೆಳಗ ಕೆಂಡ. ತಾಯಿಗೆ ಬೆಚ್ಚಗ ಇರಬೇಕು ಅನ್ನೂದು ತಪ್ಪಲ್ಲ. ಆದ್ರ ಮೊದಲು ಆ ಕೋಣೆ ಹೆಂಚಿನ ಮನಿದು, ಇಲ್ಲಾ ಮಾಳಿಗೆ ಮನಿದು, ಮ್ಯಾಲೆ ಬೆಳಕಿಂಡಿ ಇತ್ತು. ಈಗ ಅದು ಅಪಾರ್ಟ್‌ಮೆಂಟಿನ ಹತ್ತು ಬೈ ಹತ್ತರ ಬೆಡ್‌ರೂಮು. ಕೂಸು ದೊಡ್ಡವರಿಗಿಂತ ಜಲ್ದಿ ಜಲ್ದಿ ಉಸಿರಾಡ್ತೈತಿ, ಹಿಂಗಾಗಿ ವಿಷ ಅದಕ್ಕ ಮೊದಲು ಏರ್ತೈತಿ. ಅದು ಸುಮ್ಮನ ಮಲಗಿದ್ರ ‘ಬೆಚ್ಚಗಾತು, ನಿದ್ದಿ ಹತ್ತೇತಿ’ ಅಂತ ನಾವು ಅನ್ಕೋತೀವಿ. ಅಜ್ಜಿ ಜೊತಿ ಜಗಳ ಬ್ಯಾಡ. ಎಣ್ಣಿ ನೀರು ಆಗಲಿ, ಟೋಪಿ ಆಗಲಿ, ಬಿಸಿನೀರಿನ ರಬ್ಬರ್ ಚೀಲ ಅರಿವಿಯೊಳಗ ಸುತ್ತಿ ಇಡೂದಾಗಲಿ. ಕೆಂಡ ಇಡಲೇಬೇಕು ಅಂದ್ರ ಹೊರಗ ಕಾಸಿಕೊಂಡು ಬಂದು ಕೂಡ್ರಲಿ. ಬಾಗಿಲು ಮುಚ್ಚಿದ ಕೋಣೆಯೊಳಗ ಮಾತ್ರ ಬ್ಯಾಡ.

ಹೊಗಿ ಎಚ್ಚರಸ್ತೈತಿ ಅಂದ ಕೂಡ್ಲೆ ಹೊಗಿ ಒಳ್ಳೇದು ಅಂತ ಅಲ್ಲ. ದಿನಾ ಅದನ್ನ ನುಂಗಿದವರ ಎದಿ ಕೇಳ್ರಿ. ಮನೆಯೊಳಗಿನ ಒಲೆಯ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ 32 ಲಕ್ಷ ಜನ ಸತ್ತಿರಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಉಜ್ವಲ ಯೋಜನೆ 2016ರಲ್ಲಿ ಬರೋಕಿಂತ ಭಾಳ ಮೊದಲೇ ಕರ್ನಾಟಕದಾಗ ಇದಕ್ಕ ಒಂದು ಉತ್ತರ ಹುಡುಕಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಶುರು ಮಾಡಿದ ‘ಅಸ್ತ್ರ’ ಕೇಂದ್ರದಿಂದ ಬಂದ ಅಸ್ತ್ರ ಒಲೆ. ನಿಮ್ಮ ಅಮ್ಮನ ತವರಿನೊಳಗ ನೋಡಿರಬಹುದು. ಅದರಾಗ ಕಟಗಿ ಬದಲಾಗಲಿಲ್ಲ. ಉರಿ ಸುತ್ತಾಡಿ ಪಾತ್ರೆಗಳಿಗೆ ಹತ್ತಿ, ಹೊಗಿ ಕೊಳವಿಯಿಂದ ಮಾಡಿನ ಮ್ಯಾಲೆ ಹೋಗೋಹಂಗ ಮಾಡಿದ್ರು. ನಾನು ಆಗಿನಿಂದ ಹೇಳಾಕತ್ತಿದ್ದೂ ಅದನ್ನ. ಉರುವಲು ಅದೇ, ಗಾಳಿಯ ದಾರಿ ಬ್ಯಾರೆ.

ಆ ಬೆಂಕಿಗೂಡಿನ ದೇಶಗಳೂ ಪೆಟ್ಟು ತಿಂದೇ ಕಲ್ತಾವ. ಇಂಗ್ಲೆಂಡಿನಲ್ಲಿ 2022ರ ಅಕ್ಟೋಬರ್ 1ರಿಂದ, ಬಾಡಿಗೆ ಮನೆಯ ಯಾವ ವಾಸದ ಕೋಣೆಯಲ್ಲಿ ಉರುವಲಿನ ಉಪಕರಣ ಕೂಡ್ರಿಸಿರುತ್ತದೋ ಅಲ್ಲಿ ಮಾಲೀಕರು ಕಾರ್ಬನ್ ಮಾನಾಕ್ಸೈಡ್ ಅಲಾರ್ಮ್ ಹಾಕಲೇಬೇಕು. ಅಡಿಗೆ ಗ್ಯಾಸ್ ಒಲೆಗೆ ಮಾತ್ರ ವಿನಾಯಿತಿ. ಕಟಗಿ ಪೆಟಗಿಯಾದರೂ ಸೈ, ಗ್ಯಾಸ್ ಪೆಟಗಿಯಾದರೂ ಸೈ. ಆ ಅಲಾರ್ಮು ನಮ್ಮಲ್ಲೂ ಆನ್‌ಲೈನ್ ಸಿಗ್ತೈತಿ, ಬ್ಯಾಟರಿ ಮ್ಯಾಲೆ ನಡೀತೈತಿ. ಒಂದು ಒಳ್ಳೇ ಇಯರ್‌ಬಡ್ಸ್ ತಗೊಳ್ಳೋ ಮುಂದ ಇದನ್ನೊಮ್ಮೆ ಕಾರ್ಟಿಗೆ ಹಾಕಿ ನೋಡ್ರಿ.

ಸಪ್ತಾಪುರದವರು, ವಿದ್ಯಾನಗರದವರು, ಈಗ ನಿಮ್ಮ ಪಾಳಿ. ಕೆಎಎಸ್, ಪಿಎಸ್‌ಐ, ಬ್ಯಾಂಕು ಅಂತ ಊರೂರಿಂದ ಬಂದು ಪಿ.ಜಿ.ಯೊಳಗ ಇದ್ದೀರಿ. ರೂಮ್ ನೋಡಾಕ ಹೋದಾಗ ವೈಫೈ ಕೇಳ್ತೀರಿ, ಊಟ ಕೇಳ್ತೀರಿ, ಬಿಸಿನೀರು ಐತೇನು ಅಂತ ಕೇಳ್ತೀರಿ. ‘ಇಪ್ಪತ್ನಾಕು ತಾಸೂ ಬಿಸಿನೀರು’ ಅಂತಾರ. ಮುಂದಿನ ಪ್ರಶ್ನೆ ಯಾರೂ ಕೇಳೂದಿಲ್ಲ: ಗೀಸರ್ ಯಾವುದು, ಎಲ್ಲೈತಿ? ಬಚ್ಚಲದ ಒಳಗ ಗೋಡಿ ಮ್ಯಾಲೆ ಗ್ಯಾಸ್ ಗೀಸರ್ ಕಂಡ್ರ, ಪಕ್ಕದಾಗ ಸಿಲಿಂಡರೂ ಇದ್ರ, ಬಾಡಗಿ ಎಷ್ಟೇ ಕಡಿಮಿ ಇರಲಿ, ಮುಂದಿನ ರೂಮ್ ನೋಡ್ರಿ. ಎಂಟು ಮಂದಿ ಒಂದರ ಹಿಂದ ಒಂದು ಹೊಕ್ಕು ಸ್ನಾನ ಮಾಡೋ ಬಚ್ಚಲ ಅದು. ಎಂಟನೇದವರ ಲೆಕ್ಕ ನೀವ ಹಾಕ್ರಿ.

‘ಎಕ್ಸಾಸ್ಟ್ ಫ್ಯಾನ್ ಐತಲ್ಲ’ ಅಂತ ಮಾಲೀಕರು ಹೇಳ್ತಾರ. ಫ್ಯಾನ್ ಗಾಳಿ ಹೊರಗ ಹಾಕಬೇಕಾದ್ರ ಎಲ್ಲಿಂದಾದ್ರೂ ಗಾಳಿ ಒಳಗ ಬರಬೇಕು. ಬಾಗಿಲು ಕಿಟಕಿ ಎರಡೂ ಬಿಗಿ ಇದ್ರ ಫ್ಯಾನ್ ಸುಮ್ಮನ ತಿರಗ್ತೈತಿ ಅಷ್ಟ. ಇನ್ನೊಂದು ತಮಾಷಿ ನೋಡ್ರಿ. ಕರೆಂಟ್ ಹೋದಾಗಲೂ ಬಿಸಿನೀರು ಬೇಕು ಅಂತನ ನಾವು ಗ್ಯಾಸ್ ಗೀಸರ್ ತಂದದ್ದು. ಕಿಡಿ ಹಾರಿಸಾಕ ಅದಕ್ಕ ಎರಡು ಟಾರ್ಚ್ ಸೆಲ್ ಸಾಕು. ಕರೆಂಟ್ ಹೋದ ಕ್ಷಣಕ್ಕ ಫ್ಯಾನ್ ನಿಂತೈತಿ, ಗೀಸರ್ ಉರೀತಾನ ಐತಿ.

ಹುಬ್ಬಳ್ಳಿ-ಧಾರವಾಡಕ್ಕ ಈಗ ಪೈಪ್ ಗ್ಯಾಸೂ ಬಂದೈತಿ. ಧಾರವಾಡ ನಗರ ಅನಿಲ ವಿತರಣಾ ಯೋಜನೆ 2019ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು. ಆಮ್ಯಾಲಿಂದ ರಸ್ತೆ ಅಗೆಯೂದು ನೋಡಿ ನೋಡಿ ನಮಗ ಸಾಕಾಗೇತಿ, ಆ ಮಾತು ಇನ್ನೊಂದು ಎಪಿಸೋಡ್‌ಗೆ. ಪೈಪ್ ಗ್ಯಾಸ್ ಹಗುರ, ಲೀಕ್ ಆದ್ರ ಮ್ಯಾಲೆ ಏರಿ ಹೋಗ್ತೈತಿ. ಎಲ್‌ಪಿಜಿ ಭಾರ, ನೆಲದ ಮ್ಯಾಲೆ ಕೂಡ್ರತೈತಿ. ಆ ಮಟ್ಟಿಗೆ ಪೈಪ್ ವಾಸಿ. ಆದ್ರ ಗಾಳಿ ಇಲ್ಲದ ಕೋಣೆಯೊಳಗ ಉರಿಸಿದ್ರ ಅದೂ ಅದೇ ಮಾನಾಕ್ಸೈಡ್ ಕೊಡ್ತೈತಿ. ಸಿಲಿಂಡರ್ ಹೊತಗೊಂಡು ಬರೂದು ತಪ್ಪಿತು, ಕಿಟಕಿ ಬೇಕು ಅನ್ನೂದು ತಪ್ಪಲಿಲ್ಲ. ಮತ್ತ ಎಲ್‌ಪಿಜಿ ಗೀಸರ್‌ಗೆ ಪೈಪ್ ಗ್ಯಾಸ್ ಹಂಗ ಹಚ್ಚಾಕ ಬರೂದಿಲ್ಲ, ಬರ್ನರ್ ಬದಲಾಗಬೇಕು. ಅದು ಕಂಪನಿಯವರ ಕೆಲಸ, ಓಣಿ ಪ್ಲಂಬರ್‌ಗೆ ಕೊಡಬ್ಯಾಡ್ರಿ.

ನವನಗರದ ತಮ್ಮಾ, ನಿನ್ನ ಪ್ರಶ್ನೆಗೆ ಬರ್ತೀನಿ. ನಿಮ್ಮ ಬಂಬ ಹಿತ್ತಲದಾಗ ಬಯಲಿಗೆ ಐತಿ, ಬಿಸಿನೀರು ನಳದಿಂದ ಒಳಗ ಬರ್ತೈತಿ. ಗಾಳಿಯ ಲೆಕ್ಕದಾಗ ಅದು ಪಾಸು. ಬಚ್ಚಲದೊಳಗ ಗ್ಯಾಸ್ ಗೀಸರ್ ಅನ್ನೋ ಅಪ್ಪನ ಪ್ಲ್ಯಾನ್ ಫೇಲು. ಆದ್ರ ಅಪ್ಪ ಕೇಳೂದ್ರಾಗೂ ಅರ್ಥ ಐತಿ. ಮುಂಜಾನೆ ಏಳರ ಕಾಲೇಜಿಗೆ ಹೋಗೋರ ಮನ್ಯಾಗ ಅರ್ಧ ತಾಸು ಒಲಿ ಊದಿಕೋತ ಕೂಡ್ರೋರು ಯಾರು? ಹೇಳಬ್ಯಾಡ, ನನಗ ಗೊತ್ತು, ಅಮ್ಮ. ಹೊಗಿ ಕುಡಿಯೂದೂ ಆಕೀನ. ಮತ್ತ ಹಿತ್ತಲಕ್ಕ ಹೊಂದಿ ಬಾಜು ಮನಿ ಬಟ್ಟಿ ಒಣಹಾಕ್ತಿದ್ರ ಅವರ ಬಾಯಿಗೂ ಬೀಳಬೇಕು.

ಹಿಂಗಾಗಿ ನಾನು ಹೇಳೂದು: ಗ್ಯಾಸ್ ಗೀಸರ್ ತಗೊಳ್ರಿ, ಹಿತ್ತಲದ ಹೊರಗೋಡಿಗೆ ಹಾಕ್ರಿ, ಸಿಲಿಂಡರೂ ಅಲ್ಲೇ ಇರಲಿ. ಬಿಸಿನೀರಿನ ಪೈಪ್ ಗೋಡಿ ಕೊರೆದು ಒಳಗ ತರ್ರಿ. ಬಚ್ಚಲ ಹೆಂಗೂ ಒಡದೀರಿ, ಟೈಲ್ಸ್ ಹಚ್ಚೋಕಿಂತ ಮೊದಲ ಈ ಕೆಲಸ ಮುಗೀಲಿ. ಪ್ಲಂಬರ್ ಎರಡು ತಕರಾರು ತೆಗೀತಾನ. ಪೈಪ್ ಉದ್ದ ಆತು, ಮೊದಲು ಒಂದು ತಂಬಿಗಿ ತಣ್ಣೀರು ಬರ್ತೈತಿ ಅಂತಾನ. ಬರಲಿ, ಕಾಲಿಗೆ ಹಾಕ್ಕೊಂಡ್ರಾತು. ಗಾಳಿಗೆ ಉರಿ ಆರ್ತೈತಿ ಅಂತಾನ. ಸುತ್ತ ಕಿಂಡಿ ಬಿಟ್ಟು ಮ್ಯಾಲೊಂದು ತಗಡಿನ ಮರೆ ಮಾಡ್ರಿ, ಪೆಟಗಿಯಂಗ ಮುಚ್ಚಬ್ಯಾಡ್ರಿ. ಹೊರಗೋಡಿ ಇಲ್ಲದ ಫ್ಲ್ಯಾಟ್ ಆದ್ರ ಗ್ಯಾಸ್ ಆಸೆ ಬಿಟ್ಟು ಕರೆಂಟ್ ಗೀಸರ್‌ಗೆ ಹೋಗ್ರಿ, ಗೃಹಜ್ಯೋತಿ ಮ್ಯಾಲಿನ ಆ 80 ಯೂನಿಟ್ ರೊಕ್ಕ ಕಟ್ಟಿದ್ರೂ ಅಡ್ಡಿ ಇಲ್ಲ. ಸೋಲಾರ್ ಇದ್ದವರು ಪುಣ್ಯವಂತರು, ಆದ್ರ ಧಾರವಾಡದ ಆಷಾಢ ಶ್ರಾವಣದ ಜಿಟಿಜಿಟಿ ಮಳಿಯೊಳಗ ಅವರಿಗೂ ಇನ್ನೊಂದು ದಾರಿ ಬೇಕಾಗ್ತೈತಿ. ಬಕೆಟ್‌ನಾಗ ಇಳಿಬಿಡೋ ಕಾಯಿಲ್ ಬಗ್ಗೆ ಒಂದ ಮಾತು: ಸ್ವಿಚ್ ಬಂದ್ ಮಾಡಿ, ಪ್ಲಗ್ ಕಿತ್ತ ಮ್ಯಾಲೆ ನೀರು ಮುಟ್ರಿ.

ಬಂಬ ತೂಕಕ್ಕ ಹಾಕಬ್ಯಾಡ್ರಿ. ಅಜ್ಜಿಗೆ ವಾರಕ್ಕೊಮ್ಮೆ ಎಣ್ಣಿ ಸ್ನಾನಕ್ಕ ಇರಲಿ, ಹಿತ್ತಲದಾಗನ.

ಈಗ ಬಚ್ಚಲದೊಳಗ ಗ್ಯಾಸ್ ಗೀಸರ್ ಆಗಲೇ ಇದ್ದವರು, ಬದಲಿ ಮಾಡೋ ತನಕ ಏನು ಮಾಡಬೇಕು? ಬಚ್ಚಲಕ್ಕ ಹೋಗೋ ಮುಂಚೆ ಬಾಗಿಲು ಕಿಟಕಿ ತೆಗೆದಿಟ್ಟು ಬಕೆಟ್ ತುಂಬಿಸ್ರಿ. ಗೀಸರ್ ಬಂದ್ ಮಾಡ್ರಿ. ಸ್ವಲ್ಪ ಹೊತ್ತು ಗಾಳಿ ಆಡಲಿ. ಆಮ್ಯಾಲೆ ಒಳಗ ಹೋಗಿ ಸ್ನಾನ ಮಾಡ್ರಿ. ಗೀಸರ್ ಉರಿಯೋ ಮುಂದ ಶವರ್ ಕೆಳಗ ನಿಂತು ಹಾಡು ಹೇಳೂದು ಬ್ಯಾಡ. ಉರಿ ನೀಲಿ ಇರಬೇಕು. ಹಳದಿ ಆಗಿ, ಮ್ಯಾಲೆ ಮಸಿ ಹತ್ತಾಕತ್ತಿದ್ರ ಅವತ್ತ ಬಂದ್ ಮಾಡಿ ಸರ್ವಿಸ್‌ಗೆ ಕರೀರಿ. ಆದ್ರ ನೀಲಿ ಐತಿ ಅಂತ ಕಿಟಕಿ ಮುಚ್ಚಬ್ಯಾಡ್ರಿ.

ಸ್ನಾನದ ನಡುವ ತಲಿ ನೋವು, ತಲಿ ಸುತ್ತು, ಹೊಟ್ಟಿ ತೊಳಸಿದಂಗ, ಕಾಲಾಗ ಶಕ್ತಿ ಇಲ್ಲದಂಗ ಆದ್ರ ಅರಿವಿ ಗಿರಿವಿ ವಿಚಾರ ಮಾಡದ ಮೊದಲು ಬಾಗಿಲು ತೆಗೀರಿ. ಮೊದಲು ಕೈಕೊಡೂದು ಕಾಲು. ಆಮ್ಯಾಲೆ ಚಿಲಕದ ತನಕ ಕೈ ಹೋಗೂದಿಲ್ಲ. ಮನ್ಯಾಗ ಯಾರಾದ್ರೂ ಹದಿನೈದು ನಿಮಿಷ ಆದ್ರೂ ಹೊರಗ ಬರಲಿಲ್ಲ, ಕರೆದ್ರ ಓ ಅನ್ನಲಿಲ್ಲ ಅಂದ್ರ ಬಾಗಿಲು ಒಡೀರಿ. ಆದ್ರ ನೀವು ಒಳಗ ಉಸಿರಾಡಿಕೋತ ನಿಲ್ಲಬ್ಯಾಡ್ರಿ. ಗ್ಯಾಸ್ ಬಂದ್ ಮಾಡಿ, ಅವರನ್ನ ಬಯಲಿಗೆ ಎಳೀರಿ, 108ಕ್ಕೆ ಫೋನ್ ಮಾಡ್ರಿ.

ದವಾಖಾನಿಯೊಳಗ ಒಂದು ಮಾತು ಹೇಳೂದು ಮರೀಬ್ಯಾಡ್ರಿ: ‘ಬಚ್ಚಲದಾಗ ಗ್ಯಾಸ್ ಗೀಸರ್ ಇತ್ತು.’ ಯಾಕಂದ್ರ ಬಚ್ಚಲದಾಗ ಬಿದ್ದು, ಕೈಕಾಲು ಸೆಟೆದವರನ್ನ ನೋಡಿದ್ರ ಮೂರ್ಛೆರೋಗ ಅನ್ನಸ್ತೈತಿ. ನಮ್ಮ ರಾಜ್ಯದಾಗಂತೂ ತಲಿ ಮ್ಯಾಲೆ ಬಿಸಿನೀರು ಹಾಕ್ಕೊಂಡಾಗ ಬರೋ ಮೂರ್ಛೆ ಅಂತ ಒಂದು ಬ್ಯಾರೆ ಕಾಯಿಲೆನ ಐತಿ, ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಅದನ್ನ ವರ್ಷಾನುಗಟ್ಟಲೆ ಅಭ್ಯಾಸ ಮಾಡ್ಯಾರ. ಗೀಸರ್ ಸುದ್ದಿ ನೀವು ಹೇಳದಿದ್ರ ಔಷಧ ಆ ಕಡೆ ಹೋಗಬಹುದು, ಮನಿಗೆ ಬಂದವರು ಮತ್ತ ಅದೇ ಬಚ್ಚಲಕ್ಕ ಹೋಗಬಹುದು. ಕೊರೊನಾ ಕಾಲದಾಗ ತಂದ ಬೆರಳಿಗೆ ಹಚ್ಚೋ ಆಕ್ಸಿಮೀಟರ್ ಐತಲ್ಲ, ಅದನ್ನ ಹಚ್ಚಿ ‘98 ಐತಿ, ಏನಾಗಿಲ್ಲ’ ಅನ್ನಬ್ಯಾಡ್ರಿ. ರಕ್ತಕ್ಕ ಅಂಟಿದ್ದು ಆಮ್ಲಜನಕವೋ ಮಾನಾಕ್ಸೈಡೋ ಅನ್ನೋ ಫರಕು ಅದಕ್ಕ ತಿಳಿಯೂದಿಲ್ಲ, ಎರಡನ್ನೂ ಒಂದ ಅಂತ ತೋರಸ್ತೈತಿ. ಅದಕ್ಕ ಬ್ಯಾರೆ ರಕ್ತ ಪರೀಕ್ಷೆ ಐತಿ. ಸಾದಾ ಗಾಳಿಯೊಳಗ ಇದ್ರ ರಕ್ತದಾಗಿನ ವಿಷ ಅರ್ಧಕ್ಕ ಇಳಿಯಾಕ ನಾಲ್ಕೈದು ತಾಸು ಬೇಕು. ಮಾಸ್ಕ್‌ನಿಂದ ಶುದ್ಧ ಆಮ್ಲಜನಕ ಕೊಟ್ರ ಒಂದು, ಒಂದೂವರೆ ತಾಸು. ಹಿಂಗಾಗಿ ‘ಎಚ್ಚರ ಬಂತು, ಚಹಾ ಕುಡಿಸಿ ಮಲಗಸೋಣ’ ಅನ್ನೂದು ಬ್ಯಾಡ, ದವಾಖಾನಿಗೆ ಹೋಗಲೇಬೇಕು.

ಸಿಲಿಂಡರ್ ಲೀಕ್ ಆದ್ರ, ವಾಸನಿ ಬಂದ್ರ ಕರೀಬೇಕಾದ ನಂಬರ್ 1906. ಸ್ವಿಚ್ ಹಾಕೂದು ಬ್ಯಾಡ, ತೆಗೆಯೂದೂ ಬ್ಯಾಡ. ಹೊರಗ ಬಂದು ಫೋನ್ ಮಾಡ್ರಿ.

ನಿಮ್ಮ ಮನಿ, ನಿಮ್ಮ ಪಿ.ಜಿ. ಗೀಸರ್ ಬಗ್ಗೆ ಪ್ರಶ್ನೆ ಇದ್ರ ವಾಯ್ಸ್ ನೋಟ್ ಜೊತಿ ಬಚ್ಚಲದ ಒಂದು ಫೋಟೋನೂ ಕಳಿಸ್ರಿ. ಗೀಸರ್‌ನ ಕ್ಲೋಸಪ್ ಬ್ಯಾಡ. ಎರಡು ಹೆಜ್ಜಿ ಹಿಂದಕ್ಕ ನಿಂತು, ಕಿಟಕಿ ಮತ್ತ ಬಾಗಿಲು ಎರಡೂ ಕಾಣೋಹಂಗ ತೆಗೀರಿ.